ಯಾರು ಕಿತ್ತುಕೊಂಡರೆ ಕೆಲಸ ನಿಲ್ಲುತ್ತದೆ? ಅಗ್ನಿಶಾಮಕ ಮತ್ತು ಇಎಂಟಿ ಪಾಠದ ಟಿಪ್ಪಣಿ

ಅಣಕು ಪರೀಕ್ಷೆಯಲ್ಲಿ 100ಕ್ಕೆ 71 ಬಂತು. ಅಂಕ ಹೋದದ್ದಕ್ಕಿಂತ ಅದು ಹೋದ ಜಾಗ ನೋಡಿ ನಾಚಿಕೆಯಾಯಿತು. ‘ಮಂಡ್ಯದ ಅಗ್ನಿಶಾಮಕ ಠಾಣೆ ಯಾರ ಅಧೀನದಲ್ಲಿದೆ?’ ಎಂಬ ಪ್ರಶ್ನೆಗೆ ನಗರಸಭೆ ಎಂದು ಗುರುತು ಹಾಕಿದ್ದೆ. ‘ತುರ್ತು ವೈದ್ಯಕೀಯ ತಂತ್ರಜ್ಞರನ್ನು ನೋಂದಾಯಿಸುವವರು ಯಾರು?’ ಎಂಬುದಕ್ಕೆ ಸ್ಕಿಲ್ ಕೌನ್ಸಿಲ್ ಎಂದು ಬರೆದಿದ್ದೆ. ಎರಡೂ ತಪ್ಪು. ಅಗ್ನಿಶಾಮಕ ನೇಮಕಾತಿಗೆ ಓದುತ್ತಲೇ ಮೈಸೂರಿನಲ್ಲಿ ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್, ಅಂದರೆ ಆಂಬುಲೆನ್ಸ್‌ನ ತುರ್ತು ವೈದ್ಯಕೀಯ ತಂತ್ರಜ್ಞ) ತರಬೇತಿಗೂ ಹೋಗುವವರು ನಮ್ಮ ಬ್ಯಾಚಿನಲ್ಲಿ ಆರೇಳು ಮಂದಿ ಇದ್ದೇವೆ. ಅವರಿಗಾಗಿಯೂ ನನಗಾಗಿಯೂ, ಮಂಡ್ಯಕ್ಕೆ ವಾಪಸಾಗುವ ರೈಲಿನಲ್ಲಿ ಕುಳಿತು ಇದನ್ನು ಬರೆದೆ. ಬೆಂಕಿಯ ವರ್ಗಗಳು, ನಂದಿಸುವ ಉಪಕರಣಗಳು, ಸಿಪಿಆರ್‌ನ 30:2 ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಅವುಗಳನ್ನು ಬಿಟ್ಟಿದ್ದೇನೆ.

ನಗರಸಭೆ ಎಂದು ಏಕೆ ಬರೆದೆ

ಸಂವಿಧಾನದ 74ನೇ ತಿದ್ದುಪಡಿ 12ನೇ ಅನುಸೂಚಿಯನ್ನು ತಂದಿತು. ಅದರಲ್ಲಿ 18 ವಿಷಯಗಳಿವೆ, ಏಳನೆಯದು ಅಗ್ನಿಶಾಮಕ ಸೇವೆ. ಈ ಅನುಸೂಚಿ ನಗರ ಸ್ಥಳೀಯ ಸಂಸ್ಥೆಗಳದ್ದು, ಆದ್ದರಿಂದ ಉತ್ತರ ನಗರಸಭೆ ಎಂಬುದು ನನ್ನ ತರ್ಕವಾಗಿತ್ತು.

ನಾನು ಎಡವಿದ್ದು 243ಡಬ್ಲ್ಯು ವಿಧಿಯ ಒಂದೇ ಕ್ರಿಯಾಪದದಲ್ಲಿ. ರಾಜ್ಯದ ಶಾಸನಸಭೆ ಈ ಕೆಲಸಗಳನ್ನು ನಗರ ಸಂಸ್ಥೆಗಳಿಗೆ ಕಾನೂನಿನ ಮೂಲಕ ‘ವಹಿಸಬಹುದು’ ಎಂದು ಅಲ್ಲಿದೆ, ‘ವಹಿಸತಕ್ಕದ್ದು’ ಎಂದಿಲ್ಲ. ಸ್ಥಳೀಯ ಆಡಳಿತವೇ ರಾಜ್ಯಪಟ್ಟಿಯ 5ನೇ ನಮೂದು. ಅಂದರೆ ನಗರಸಭೆಯ ಕೈಗೆ ಏನು ಕೊಡಬೇಕು, ಏನನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸುವುದು ರಾಜ್ಯ. ಮುಂಬೈಯಲ್ಲಿ ಅಗ್ನಿಶಾಮಕ ದಳ ಮಹಾನಗರ ಪಾಲಿಕೆಯದ್ದು. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆಯಿದ್ದು, ಒಳಾಡಳಿತ ಇಲಾಖೆಯ ಅಡಿಯಲ್ಲಿ ರಾಜ್ಯಕ್ಕೆಲ್ಲ ಒಂದೇ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಕೆಲಸ ಮಾಡುತ್ತದೆ. ಮೈಸೂರಿನ ಸರಸ್ವತಿಪುರಂ ಠಾಣೆಯ ಗಂಟೆ ಬಾರಿಸಿದರೆ ಆದೇಶದ ಸರಪಳಿ ಬೆಂಗಳೂರಿನ ಮಹಾನಿರ್ದೇಶಕರವರೆಗೆ ಹೋಗುತ್ತದೆಯೇ ಹೊರತು ಪಾಲಿಕೆಯ ಆಯುಕ್ತರ ಕಡೆಗಲ್ಲ. ಸಂವಿಧಾನ ಒಂದೇ, ‘ಬಹುದು’ ಎಂಬ ಪದದಿಂದ ಎರಡು ರಾಜ್ಯಗಳಲ್ಲಿ ಎರಡು ವ್ಯವಸ್ಥೆ.

ಕೇಂದ್ರದ ಪಾತ್ರ ಸಲಹೆ, ತರಬೇತಿ ಮತ್ತು ಹಣಕ್ಕೆ ಸೀಮಿತ: ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು, 2019ರ ಮಾದರಿ ಮಸೂದೆ, 2023ರಲ್ಲಿ ಆರಂಭವಾದ 5,000 ಕೋಟಿ ರೂಪಾಯಿಯ ಆಧುನೀಕರಣ ಯೋಜನೆ. ಮಾದರಿ ಮಸೂದೆ ಎಂದರೆ ಮಾದರಿ ಮಾತ್ರ, ರಾಜ್ಯ ಒಪ್ಪಿ ಅಂಗೀಕರಿಸಿದರಷ್ಟೇ ಕಾನೂನು.

ಇದೇ ಬಗೆಯ ಇನ್ನೊಂದು ತಿರುವು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ. ಅದರ 4ನೇ ಭಾಗ ಅಗ್ನಿ ಸುರಕ್ಷತೆಗೆ ಮೀಸಲು; 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದನ್ನು ಬಹುಮಹಡಿ ಎನ್ನುತ್ತದೆ. ಆದರೆ ಸಂಹಿತೆ ತಾನಾಗಿಯೇ ಯಾರನ್ನೂ ಕಟ್ಟಿಹಾಕುವುದಿಲ್ಲ, ರಾಜ್ಯದ ನಿಯಮ ಅಥವಾ ಉಪವಿಧಿ ಅದನ್ನು ಎತ್ತಿಕೊಂಡಾಗಲೇ ಅದಕ್ಕೆ ಹಲ್ಲು ಬರುತ್ತದೆ. ಮೈಸೂರಿನವರಿಗೆ ಈ ಹಲ್ಲು ಏಕೆ ಬೇಕೆಂದು ವಿವರಿಸಬೇಕಾಗಿಲ್ಲ. 1989ರ ಫೆಬ್ರುವರಿ 8ರಂದು ಇಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಧಾರಾವಾಹಿಯ ಚಿತ್ರೀಕರಣದ ವೇಳೆ ಹತ್ತಿದ ಬೆಂಕಿಗೆ 62 ಮಂದಿ ಬಲಿಯಾದರು. ನಮ್ಮ ದೊಡ್ಡಮ್ಮ ಈಗಲೂ ಮದುವೆ ಛತ್ರಕ್ಕೆ ಕಾಲಿಟ್ಟ ಕೂಡಲೇ ಹಿಂಬಾಗಿಲು ಎಲ್ಲಿದೆ ಎಂದು ಕೇಳುತ್ತಾರೆ.

ನಾಲೆ ಏರಿಯ ಮೇಲೆ ಇಬ್ಬರು

ಆಂಬುಲೆನ್ಸ್ ಆರೋಗ್ಯ ಇಲಾಖೆಯ ಕಡೆಯದು. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯಪಟ್ಟಿಯ 6ನೇ ನಮೂದು. 108ರ ಆರೋಗ್ಯ ಕವಚ 2008ರ ನವೆಂಬರ್ 1ರಂದು ಆರಂಭವಾಯಿತು, ರಾಜ್ಯೋತ್ಸವದ ದಿನವಾದ್ದರಿಂದ ನೆನಪಿಡುವುದು ಸುಲಭ.

ಮಂಡ್ಯದವರಿಗೆ ಎರಡು ಇಲಾಖೆಗಳು ಸಂಧಿಸುವ ಜಾಗ ಕಣ್ಣಿಗೆ ಕಟ್ಟಿದಂತಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಇಂತಹ ಕಡೆ ನೀರಿನಿಂದ ಜನರನ್ನು ಎತ್ತುವುದು ಒಳಾಡಳಿತ ಇಲಾಖೆಯ ಸಿಬ್ಬಂದಿಯ ಕೆಲಸ, ಏರಿಯ ಮೇಲೆ ಉಸಿರು ನೋಡುವುದು ಆರೋಗ್ಯ ಇಲಾಖೆಯ ಸೇವೆಯ ಇಎಂಟಿಯ ಕೆಲಸ. ಎರಡು ಸಮವಸ್ತ್ರ, ಎರಡು ಸಂಬಳದ ಪಟ್ಟಿ, ನಡುವೆ ಒಬ್ಬ ಗಾಯಾಳು.

ಮೂರು ಕಾಗದಗಳು

ಇಲ್ಲಿ ನಿಧಾನವಾಗಿ ಹೋಗುತ್ತೇನೆ, ಮೂರು ದಿನ ತಲೆ ತಿಂದದ್ದು ಈ ಭಾಗವೇ.

ನನ್ನ ಕೈಯಲ್ಲಿ ಈಗ ಒಂದು ಕಾಗದವಿದೆ, ಇನ್ನೊಂದು ತರಬೇತಿ ಮುಗಿದ ಮೇಲೆ ಬರುತ್ತದೆ, ಮೂರನೆಯದು ಇಲ್ಲ. ಮನೆಯಲ್ಲಿ ಮೂರಕ್ಕೂ ‘ಸರ್ಟಿಫಿಕೇಟು’ ಎನ್ನುತ್ತಾರೆ. ನಾನೂ ಹಾಗೆಯೇ ಎನ್ನುತ್ತಿದ್ದೆ.

ಮೊದಲನೆಯದು ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್, ಅಂದರೆ ಜೀವ ಉಳಿಸುವ ಪ್ರಾಥಮಿಕ ನೆರವು) ಕಾರ್ಡ್. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪಠ್ಯಕ್ರಮದ ಕೋರ್ಸ್ ಮುಗಿಸಿದರೆ ಸಿಗುವ ಇದು ಎರಡು ವರ್ಷ ನಡೆಯುತ್ತದೆ. ಎರಡನೆಯದು ಇಎಂಟಿ ಬೇಸಿಕ್ ಕೌಶಲ ಪ್ರಮಾಣಪತ್ರ, ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ 4ನೇ ಹಂತದ್ದು, ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಕೊಡುವಂಥದ್ದು. ಮೂರನೆಯದು 2021ರ ರಾಷ್ಟ್ರೀಯ ಸಂಯೋಜಿತ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆಯಡಿ ರಾಜ್ಯ ಕೌನ್ಸಿಲ್ ಇಡುವ ನೋಂದಣಿ ಪುಸ್ತಕದಲ್ಲಿ ಹೆಸರು.

ನನ್ನನ್ನು ಕೆಡವಿದ್ದು ‘ಕೌನ್ಸಿಲ್’ ಎಂಬ ಪದ. ಎರಡನೆಯ ಕಾಗದದಲ್ಲೂ ಕೌನ್ಸಿಲ್ ಇದೆ, ಮೂರನೆಯದರಲ್ಲೂ ಇದೆ. ಸ್ಕಿಲ್ ಕೌನ್ಸಿಲ್ ಉದ್ಯಮದವರ ಮುಂದಾಳತ್ವದ ಸಂಸ್ಥೆ. ನಿಮಗೆ ಇಂತಿಷ್ಟು ಕೌಶಲ ಬಂದಿದೆ ಎಂದು ಹೇಳಬಲ್ಲದು. ರಾಜ್ಯ ಕೌನ್ಸಿಲ್ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದು. ನೀವು ಈ ವೃತ್ತಿಯವರು ಎಂದು ಪುಸ್ತಕದಲ್ಲಿ ಬರೆಯಬಲ್ಲದು, ತಪ್ಪು ಮಾಡಿದರೆ ಹೊಡೆದು ಹಾಕಬಲ್ಲದು. ನಾನು ಮೊದಲು ವಿಚಾರಿಸಿದ್ದ ತರಬೇತಿ ಕೇಂದ್ರವೊಂದರ ಕರಪತ್ರದಲ್ಲಿ ‘ಕೌನ್ಸಿಲ್ ಮಾನ್ಯತೆ’ ಎಂದು ದಪ್ಪಕ್ಷರದಲ್ಲಿತ್ತು. ಯಾವ ಕೌನ್ಸಿಲ್ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಕೌಶಲ ಪ್ರಮಾಣಪತ್ರ ತೋರಿಸಿದರೆ ನೋಂದಣಿ ತಾನಾಗಿ ಸಿಗುತ್ತದೆಯೇ? ಕಾಯ್ದೆಯ ವ್ಯಾಖ್ಯೆ ನೋಡಿ. ಸಂಯೋಜಿತ ಆರೋಗ್ಯ ವೃತ್ತಿಪರರಿಗೆ ಡಿಪ್ಲೊಮಾ ಅಥವಾ ಪದವಿ ಬೇಕು, ಓದು ಕನಿಷ್ಠ 2,000 ಗಂಟೆ, ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು. ಆರೋಗ್ಯರಕ್ಷಣಾ ವೃತ್ತಿಪರರಿಗೆ ಕನಿಷ್ಠ 3,600 ಗಂಟೆ, ಮೂರರಿಂದ ಆರು ವರ್ಷ. ನಾಲ್ಕು ತಿಂಗಳ ಕೋರ್ಸ್ ಒಂದನ್ನು ಲೆಕ್ಕ ಹಾಕಿ: ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಒಟ್ಟು 832 ಗಂಟೆ. ಭಾನುವಾರವೂ ಹೋದರೂ ಸಾವಿರ ಮುಟ್ಟುವುದಿಲ್ಲ. ಈ ಗುಣಾಕಾರವನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಮಾಡಿದ ಮೇಲೆಯೇ ನನಗೆ ವಿಷಯ ಇಳಿದದ್ದು.

ಕನ್ನಡದಲ್ಲಿ ಓದುವವರಿಗೆ ಮತ್ತೊಂದು ಗುಂಡಿಯಿದೆ. ಟೆಕ್ನೀಷಿಯನ್‌ಗೂ ತಂತ್ರಜ್ಞ ಎನ್ನುತ್ತೇವೆ, ಟೆಕ್ನಾಲಜಿಸ್ಟ್‌ಗೂ ತಂತ್ರಜ್ಞ ಎನ್ನುತ್ತೇವೆ. ಇಎಂಟಿಯ ಕೊನೆಯ ಅಕ್ಷರ ಟೆಕ್ನೀಷಿಯನ್. ಕಾಯ್ದೆಯ ಅನುಸೂಚಿಯಲ್ಲಿರುವುದು ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್. ಪ್ರಶ್ನೆಪತ್ರಿಕೆಯ ಕನ್ನಡ ಪಾಠದಲ್ಲಿ ‘ತಂತ್ರಜ್ಞ’ ಕಂಡರೆ ಪಕ್ಕದ ಇಂಗ್ಲಿಷ್ ಪಾಠದ ಮೇಲೂ ಒಮ್ಮೆ ಕಣ್ಣಾಡಿಸಿ.

ಅಗ್ನಿಶಾಮಕದಲ್ಲಿ ಕೇಂದ್ರ ದೂರ ನಿಂತು ಸಲಹೆ ಕೊಡುತ್ತದೆ, ಇಎಂಟಿ ವೃತ್ತಿಗೆ ಮಾತ್ರ ಸಂಸತ್ತೇ ಕಾಯ್ದೆ ಮಾಡಿದೆ, ಏಕೆ? ವೃತ್ತಿಗಳು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 26ನೇ ನಮೂದಿನಲ್ಲಿವೆ, ವೈದ್ಯಕೀಯ ಶಿಕ್ಷಣ 25ರಲ್ಲಿದೆ. ಆಂಬುಲೆನ್ಸ್ ರಾಜ್ಯದ್ದು, ಅದರೊಳಗಿನ ಮನುಷ್ಯನ ವೃತ್ತಿ ಇಬ್ಬರದ್ದೂ.

ನನ್ನ ಅಡ್ಡದಾರಿ, ಅದು ಮುರಿದ ಜಾಗ

ಕಾಗದದ ಹೆಸರು ನೋಡದೆ ‘ಇದನ್ನು ಯಾರು ಕಿತ್ತುಕೊಳ್ಳಬಹುದು?’ ಎಂದು ಕೇಳುವುದು ನಾನು ಕಂಡುಕೊಂಡ ಅಡ್ಡದಾರಿ. ಇದು ಹೊಳೆದಾಗ ಬಹಳ ಹೆಮ್ಮೆಯಾಯಿತು. ನಮ್ಮ ಪಠ್ಯದಲ್ಲಿರುವ ಅಮೆರಿಕದ ಓಹಾಯೊ ರಾಜ್ಯದ ಉದಾಹರಣೆಗೆ ಹಚ್ಚಿದಾಗ ಅರ್ಧಕ್ಕೇ ಕೈಕೊಟ್ಟಿತು.

ಅಲ್ಲಿ ನ್ಯಾಷನಲ್ ರಿಜಿಸ್ಟ್ರಿ ಎಂಬ ಸಂಸ್ಥೆಯಿದೆ, 1970ರಲ್ಲಿ ಆರಂಭವಾದದ್ದು, ಕಚೇರಿ ಓಹಾಯೊದ ಕೊಲಂಬಸ್‌ನಲ್ಲೇ. ಹೆಸರಿನಲ್ಲಿ ನೋಂದಣಿ ಇದ್ದರೂ ಅದು ಸರ್ಕಾರವಲ್ಲ, ಲಾಭರಹಿತ ಖಾಸಗಿ ಸಂಸ್ಥೆ. ಇಎಂಟಿಗಳಿಗೆ ಪರೀಕ್ಷೆ ನಡೆಸಿ ಪ್ರಮಾಣೀಕರಿಸುತ್ತದೆ. ಕೆಲಸ ಮಾಡಲು ಅನುಮತಿ ಕೊಡುವುದು ರಾಜ್ಯದ ಮಂಡಳಿ. ಆ ಅನುಮತಿಯನ್ನು ಓಹಾಯೊ ಕಾನೂನು ಕರೆಯುವುದು ‘ವೃತ್ತಿ ನಡೆಸುವ ಪ್ರಮಾಣಪತ್ರ’ ಎಂದು! ರಿಜಿಸ್ಟ್ರಿ ಕೊಡುವುದು ನೋಂದಣಿಯಲ್ಲ, ರಾಜ್ಯ ಕೊಡುವ ‘ಪ್ರಮಾಣಪತ್ರ’ವೇ ನಿಜವಾದ ಪರವಾನಗಿ. ಹೆಸರುಗಳು ಅದಲುಬದಲು. ಜೊತೆಗೆ ರಿಜಿಸ್ಟ್ರಿಯೂ ತಾನು ಕೊಟ್ಟದ್ದನ್ನು ರದ್ದು ಮಾಡಬಲ್ಲದು, ಹಾಗಾಗಿ ನನ್ನ ಪ್ರಶ್ನೆಗೆ ಎರಡು ಉತ್ತರ ಬಂದವು.

ಪ್ರಶ್ನೆಯನ್ನು ಹೀಗೆ ತಿದ್ದಿಕೊಂಡೆ: ‘ಯಾರು ಕಿತ್ತುಕೊಂಡರೆ ನಾಳೆಯಿಂದಲೇ ಕೆಲಸಕ್ಕೆ ಹೋಗುವುದು ಕಾನೂನುಬಾಹಿರವಾಗುತ್ತದೆ?’ ಓಹಾಯೊದಲ್ಲಿ ಉತ್ತರ ರಾಜ್ಯದ ಮಂಡಳಿ. ನಮ್ಮ 2021ರ ಕಾಯ್ದೆಯ ಲೆಕ್ಕದಲ್ಲಿ ರಾಜ್ಯ ಕೌನ್ಸಿಲ್. ಬಿಎಲ್‌ಎಸ್ ಕಾರ್ಡಿಗೆ ಹಚ್ಚಿದರೆ ಉತ್ತರವೇ ಇಲ್ಲ, ಅದು ತನ್ನಷ್ಟಕ್ಕೆ ತಾನೇ ಮುಗಿಯುತ್ತದೆ.

ಓಹಾಯೊದ ಆ ಮಂಡಳಿಯ ಪೂರ್ತಿ ಹೆಸರಿನಲ್ಲಿ ತುರ್ತು ವೈದ್ಯಕೀಯ, ಅಗ್ನಿಶಾಮಕ ಮತ್ತು ಸಾಗಣೆ ಮೂರೂ ಸೇರಿವೆ. ಅಗ್ನಿಶಾಮಕರ ಪ್ರಮಾಣೀಕರಣವೂ ಇಎಂಟಿಯದ್ದೂ ಒಂದೇ ಸೂರಿನಡಿ, ನಮ್ಮಲ್ಲಿ ನಾಲೆ ಏರಿಯ ಮೇಲೆ ಕಂಡ ಎರಡು ಸಮವಸ್ತ್ರಕ್ಕೆ ತದ್ವಿರುದ್ಧ. ಹಾಗೆಂದು ಎಲ್ಲವೂ ಒಂದೇ ಕಡೆ ಇದೆ ಎಂದು ಬರೆದರೆ ಮತ್ತೆ ಅಂಕ ಹೋಗುತ್ತದೆ: ಮಂಡಳಿ ಇರುವುದು ಸಾರ್ವಜನಿಕ ಸುರಕ್ಷತಾ ಇಲಾಖೆಯಲ್ಲಿ, ಅಗ್ನಿ ಸಂಹಿತೆಯನ್ನು ನೋಡಿಕೊಳ್ಳುವ ಸ್ಟೇಟ್ ಫೈರ್ ಮಾರ್ಷಲ್ ಇರುವುದು ವಾಣಿಜ್ಯ ಇಲಾಖೆಯಲ್ಲಿ.

ರೈಲು ಯಲಿಯೂರು ದಾಟಿತು. ಇಷ್ಟು ಬರೆದು ನನ್ನ ಬಿಎಲ್‌ಎಸ್ ಕಾರ್ಡ್ ತೆಗೆದು ನೋಡಿದೆ. ಮುಂದಿನ ತಿಂಗಳು ಅವಧಿ ಮುಗಿಯುತ್ತದೆ.