ಕಿವಿಯೊಳಗಿನ ಸುಣ್ಣದ ಹರಳು ಮತ್ತು ಹಾರ್ಮೋನಿಯಂ ತಿದಿ

ಮನರಂಜನಾ ಪಾರ್ಕಿನ ಸಿಮ್ಯುಲೇಟರ್ ರೈಡಿನಿಂದ, ಅಂದರೆ ಅಲ್ಲಾಡುವ ಕ್ಯಾಬಿನ್ನಿನಲ್ಲಿ ಕೂತು ಪರದೆ ನೋಡುವ ಆಟದಿಂದ, ಇಳಿದವರು "ಏನ್ ಸ್ಪೀಡಪ್ಪಾ!" ಅನ್ನುತ್ತಾರೆ. ಕ್ಯಾಬಿನ್ ಮಾತ್ರ ಇದ್ದ ಜಾಗದಲ್ಲೇ ಇರುತ್ತದೆ. "ಸುಮ್ನೆ ಕುರ್ಚಿ ಅಲ್ಲಾಡಿಸಿ ಸಿನಿಮಾ ತೋರಿಸ್ತಾರೆ" ಅನ್ನುವವರೂ ಇದ್ದಾರೆ. ಅದೂ ತಪ್ಪು. ನಿಜವಾದ ಜಾಣತನ ಇರುವುದು ವಾಲಿಸುವುದರಲ್ಲಿ.

ನಮ್ಮ ಒಳಕಿವಿಯಲ್ಲಿ ಲೋಳೆಯಂಥ ಪೊರೆ ಇದೆ. ಅದರ ಮೇಲೆ ಸುಣ್ಣದ ಪುಟ್ಟ ಹರಳುಗಳು, ಕೆಳಗೆ ಕೂದಲಿನಂಥ ಎಳೆಗಳು. ಬಸ್ಸು ತಟ್ಟನೆ ಮುಂದಕ್ಕೆ ನುಗ್ಗಿದರೆ ಹರಳು ಹಿಂದೆ ಉಳಿದು ಎಳೆಗಳು ಬಾಗುತ್ತವೆ. ತಲೆ ಹಿಂದಕ್ಕೆ ವಾಲಿಸಿದರೂ ಹರಳು ಹಿಂದಕ್ಕೇ ಜಾರುತ್ತವೆ. ಮಿದುಳಿಗೆ ಎರಡೂ ಸಲ ಒಂದೇ ಸುದ್ದಿ! ತಟ್ಟೆಯಲ್ಲಿ ಸಾರು ಹಾಕಿ ನೋಡಿ. ತಟ್ಟೆಯನ್ನು ಜೋರಾಗಿ ಮುಂದೆ ತಳ್ಳಿದರೂ, ಈಚೆ ಅಂಚನ್ನು ತಗ್ಗಿಸಿದರೂ ಸಾರು ನಿಮ್ಮ ಕಡೆಗೇ ಬರುತ್ತದೆ. ಸಾರನ್ನಷ್ಟೇ ನೋಡುವವನಿಗೆ ಏನಾಯಿತೆಂದು ಗೊತ್ತಾಗಲ್ಲ, ಅಲ್ವಾ? 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದದ್ದೂ ಇದೇ: ಮುಚ್ಚಿದ ಪೆಟ್ಟಿಗೆಯೊಳಗೆ ಕೂತವನಿಗೆ ಗುರುತ್ವ ಯಾವುದು, ವೇಗ ಹೆಚ್ಚುತ್ತಿರುವುದು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ.

ಕ್ಯಾಬಿನ್ನನ್ನು 30 ಡಿಗ್ರಿ ಹಿಂದಕ್ಕೆ ವಾಲಿಸಿದರೆ ನಿಮ್ಮ ತೂಕದ ಅರ್ಧದಷ್ಟು ಬಲ ಬೆನ್ನನ್ನು ಸೀಟಿಗೆ ಒತ್ತುತ್ತದೆ. ಪರದೆಯೂ ಜೊತೆಗೇ ವಾಲುವುದರಿಂದ ಕಣ್ಣಿಗೆ ಸುಳಿವು ಸಿಗುವುದಿಲ್ಲ. ಆಮೇಲೆ ಕಿವಿಗೆ ತಿಳಿಯದಷ್ಟು ನಿಧಾನಕ್ಕೆ ಕ್ಯಾಬಿನ್ ಮತ್ತೆ ಸಮಕ್ಕೆ ಬರುತ್ತದೆ, ಮುಂದಿನ ಜಿಗಿತಕ್ಕೆ ಜಾಗ ಬೇಕಲ್ಲ.

ಇದರ ಹಿಂದಿನ ಕಥೆ ನನಗೆ ಇನ್ನೂ ಇಷ್ಟ. 1905ರಲ್ಲೇ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಜಾರ್ಜ್ ಹೇಲ್ ಎಂಬ ಅಗ್ನಿಶಾಮಕ ದಳದ ಮಾಜಿ ಮುಖ್ಯಸ್ಥ ರೈಲು ಡಬ್ಬಿಯೊಳಗೆ ಜನರನ್ನು ಕೂರಿಸಿ, ಡಬ್ಬಿ ಅಲ್ಲಾಡಿಸಿ, ಮುಂದೆ ಹಳಿಯ ಸಿನಿಮಾ ತೋರಿಸುತ್ತಿದ್ದ. 1929ರ ಹೊತ್ತಿಗೆ ಎಡ್ವಿನ್ ಲಿಂಕ್ ಬಂದ. ಅವನ ಅಪ್ಪನದು ಆರ್ಗನ್, ಪಿಯಾನೊ ಮಾಡುವ ಕಾರ್ಖಾನೆ. ಆರ್ಗನ್ನಿನ ತಿದಿಗಳನ್ನೇ, ನಮ್ಮ ಹಾರ್ಮೋನಿಯಂನಲ್ಲಿ ಇರುತ್ತದಲ್ಲ ಅಂಥವನ್ನು, ಪುಟ್ಟ ನಕಲಿ ವಿಮಾನದ ಕೆಳಗಿಟ್ಟು ಗಾಳಿ ತುಂಬಿಸಿ, ತೆಗೆದು, ವಾಲಿಸಿದ. ಮೊದಲು ಕೊಂಡವರಲ್ಲಿ ಮನರಂಜನಾ ಪಾರ್ಕಿನವರೇ ಜಾಸ್ತಿ. 1934ರಲ್ಲಿ ಟಪಾಲು ಒಯ್ಯುತ್ತಿದ್ದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಲುಸಾಲಾಗಿ ಸತ್ತ ಮೇಲೆ ಪೈಲಟ್‌ಗಳಿಗೆ ಕಲಿಸಲು ಅಮೆರಿಕದ ಸೇನೆ ಇಂಥ ಆರು ಯಂತ್ರ ಕೊಂಡಿತು. ಆಟದ ಸಾಮಾನು ಪಾಠಶಾಲೆಯಾಯಿತು.

ಪಾರ್ಕಿಗೆ ಅದು ಮರಳಿದ್ದು ಅರ್ಧ ಶತಮಾನದ ನಂತರ: 1985ರಲ್ಲಿ ಕೆನಡಾದ ಟೊರಾಂಟೊದ ಸಿಎನ್ ಟವರ್ ಗೋಪುರದಲ್ಲಿ ಒಂದು ರೈಡ್, 1987ರಲ್ಲಿ ಅಮೆರಿಕದ ಡಿಸ್ನಿಲ್ಯಾಂಡ್ ಪಾರ್ಕಿನಲ್ಲಿ ಸ್ಟಾರ್ ಟೂರ್ಸ್ ಎಂಬ ರೈಡ್. ಒಂದು ಕ್ಯಾಬಿನ್ನಿಗೆ 40 ಜನ.

ಇಂಥ ಒಂದು ರೈಡಿನಲ್ಲಿ ರಾಕೆಟ್ ಹಾರುವಾಗ ನಾನು ಕಣ್ಣು ಮುಚ್ಚಿದೆ. ಮೊದಲೊಂದು ಕ್ಷಣ ಮುಂದೆ ನುಗ್ಗಿದಂತೆ ಅನಿಸಿತು. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಅಂಗಾತ ವಾಲಿದ್ದೇನೆ. ಕಣ್ಣು ಬಿಟ್ಟ ತಕ್ಷಣ ಮತ್ತೆ ರಾಕೆಟ್!