ಹಗುರ ರೆಕ್ಕೆಗಳ ನೂರಮೂವತ್ತು ವರ್ಷ

ಗುಡ್ಡದ ನೆತ್ತಿಯಲ್ಲಿ ಬಟ್ಟೆಯ ರೆಕ್ಕೆ ಹುಲ್ಲಿನ ಮೇಲೆ ಹರಡಿಕೊಂಡಿದೆ. ಪೈಲಟ್ ದಾರಗಳನ್ನು ಬೆರಳ ಸಂದಿಯಲ್ಲಿ ಜಾರಿಸುತ್ತಾ ನೋಡುತ್ತಾರೆ. ಗಂಟಿಲ್ಲ, ಕಡ್ಡಿ ಸಿಕ್ಕಿಕೊಂಡಿಲ್ಲ. ಎದುರುಗಾಳಿಗೆ ಕಾಯುತ್ತಾರೆ. ಗಾಳಿ ಬಂದದ್ದೇ ತಡ, ಮುಂದಿನ ದಾರಗಳನ್ನು ಎಳೆದು ನಾಲ್ಕು ಹೆಜ್ಜೆ ಓಡುತ್ತಾರೆ. ಬಟ್ಟೆ ಉಬ್ಬಿ ತಲೆ ಮೇಲೆ ನಿಲ್ಲುತ್ತದೆ. ಒಮ್ಮೆ ಕತ್ತೆತ್ತಿ ರೆಕ್ಕೆ ನೋಡಿ ಮತ್ತೆ ಓಟ. ಅಷ್ಟರಲ್ಲಿ ಕಾಲ ಕೆಳಗೆ ನೆಲ ಇರುವುದಿಲ್ಲ.

ಇಂಜಿನ್ ಇಲ್ಲ, ರನ್‌ವೇ ಬೇಡ. ಹಾರುವ ಸಾಮಾನೆಲ್ಲ ಬೆನ್ನ ಚೀಲದಲ್ಲೇ ಬಂದಿದೆ. ಪ್ಯಾರಾಗ್ಲೈಡಿಂಗ್ ತೀರಾ ಹೊಸ ಆಟ ಅನ್ನಿಸುತ್ತದೆ, ಅಲ್ವಾ? ಆದರೆ ಇದರ ಹಿಂದೆ ಹಳೆಯ ಜಗ್ಗಾಟವೊಂದಿದೆ. ಖುಷಿಗಾಗಿ ಹಾರುವ ಅವಕಾಶ ಯಾರಿಗೆ? ದುಡ್ಡಿದ್ದವರಿಗಾ, ಸರ್ಕಾರ ಒಪ್ಪಿದವರಿಗಾ, ಆಸೆ ಇದ್ದವರಿಗೆಲ್ಲಾನಾ? ಹಾರಾಟ ದುಬಾರಿಯಾದಾಗ, ಇಲ್ಲವೇ ಕಾನೂನು ಬಾಗಿಲು ಹಾಕಿದಾಗ, ಯಾರಾದರೂ ಮತ್ತೆ ಹಗುರವಾದ ರೆಕ್ಕೆ ಹೊತ್ತು ಗುಡ್ಡ ಹತ್ತಿದ್ದಾರೆ.

ಮೊದಲು ಹತ್ತಿದವರಲ್ಲಿ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಮುಖ್ಯರು. 1891ರಿಂದ 1896ರವರೆಗೆ ಸುಮಾರು 2,000 ಸಲ ಹಾರಿದರು. ಅವರ ಗ್ಲೈಡರ್, ಅಂದರೆ ಇಂಜಿನ್ ಇಲ್ಲದೆ ತೇಲುವ ರೆಕ್ಕೆಯ ತೂಕ ಸುಮಾರು 20 ಕೆಜಿ. ಅದನ್ನು ಅವರು ಬೇರೆಯವರಿಗೂ ಮಾಡಿಕೊಟ್ಟು ಮಾರುತ್ತಿದ್ದರು. ಅಂದರೆ ಇಂಜಿನ್ ವಿಮಾನ ಹುಟ್ಟುವ ಮೊದಲೇ ಗ್ಲೈಡರ್ ಅಂಗಡಿ ಸರಕಾಗಿತ್ತು. 1896ರ ಆಗಸ್ಟ್‌ನಲ್ಲಿ ಗಾಳಿಯ ಹೊಡೆತಕ್ಕೆ ಸಿಕ್ಕಿ ಬಿದ್ದು ತೀರಿಕೊಂಡರು.

ಮೊದಲ ಮಹಾಯುದ್ಧ ಮುಗಿದಾಗ ವರ್ಸೇಲ್ಸ್ ಒಪ್ಪಂದ ಜರ್ಮನಿಯ ವಿಮಾನಗಳ ಮೇಲೆ ನಿರ್ಬಂಧ ಹೇರಿತು. ಗ್ಲೈಡರ್ ಹಾರಿಸಲು ಅಡ್ಡಿ ಇರಲಿಲ್ಲ. 1920ರಲ್ಲಿ ವಾಸರ್‌ಕುಪ್ಪೆ ಗುಡ್ಡದಲ್ಲಿ ಸ್ಪರ್ಧೆ ಶುರುವಾಯಿತು. ಗ್ಲೈಡರ್ ಮೂತಿಗೆ ರಬ್ಬರ್ ಹಗ್ಗ ಸಿಕ್ಕಿಸಿ, ಎರಡು ಕಡೆಯಿಂದ ಜನ ಹಿಡಿದು ಇಳಿಜಾರಿನಲ್ಲಿ ಓಡುತ್ತಿದ್ದರು. ಕವಣೆಕಲ್ಲಿನ ಹಾಗೆ ಗ್ಲೈಡರ್ ಚಿಮ್ಮುತ್ತಿತ್ತು. ಎರಡೇ ವರ್ಷದಲ್ಲಿ, 1922ರ ಆಗಸ್ಟ್‌ನಲ್ಲಿ, ಆರ್ಥರ್ ಮಾರ್ಟೆನ್ಸ್ ಒಂದು ಗಂಟೆಗೂ ಜಾಸ್ತಿ ಗಾಳಿಯಲ್ಲೇ ಉಳಿದರು.

ಆಗಿನವರು ಗುಡ್ಡಕ್ಕೆ ಬಡಿದು ಮೇಲೇಳುವ ಗಾಳಿಯನ್ನೇ ನಂಬಿದ್ದರು. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿ, ಅಂದರೆ ಥರ್ಮಲ್, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹಿಡಿಯಲು ನೆರವಾದದ್ದು ವೇರಿಯೋಮೀಟರ್. ಏರುತ್ತಿದ್ದೀವೋ ಇಳಿಯುತ್ತಿದ್ದೀವೋ ಅಂತ ಅದು ತೋರಿಸುತ್ತದೆ. 1920ರ ದಶಕದ ಕೊನೆಗೆ ರಾಬರ್ಟ್ ಕ್ರಾನ್‌ಫೆಲ್ಡ್ ಇದನ್ನು ಗ್ಲೈಡರ್‌ಗೆ ತಂದರು. ಇವತ್ತಿಗೂ ಪೈಲಟ್‌ಗಳು ಅದರ ಬೀಪ್ ಸದ್ದು ಕೇಳುತ್ತಲೇ ಗಿರಕಿ ಹೊಡೆಯುತ್ತಾರೆ. ಹದ್ದುಗಳೂ ಅದೇ ಕಂಬದಂಥ ಗಾಳಿಯಲ್ಲಿ ಸುತ್ತುತ್ತಿರುತ್ತವೆ. ಪಕ್ಕದಲ್ಲೇ.

ಬ್ರಿಟನ್‌ನಲ್ಲಿ 1925ರಲ್ಲಿ ಡಿ ಹ್ಯಾವಿಲ್ಯಾಂಡ್ ಮಾತ್ ಎಂಬ ಎರಡು ಸೀಟಿನ ವಿಮಾನ ಬಂತು. ರೆಕ್ಕೆ ಮಡಚಿ ಸಣ್ಣ ಶೆಡ್ಡಿನಲ್ಲಿ ಇಡಬಹುದಿತ್ತು. ಸರ್ಕಾರದ ಸಹಾಯಧನದಿಂದ ಹಾರಾಟದ ಕ್ಲಬ್‌ಗಳೂ ಬೆಳೆದವು. ಆದರೂ ಸಾಮಾನ್ಯರ ಕೈಗೆ ಅದು ಎಟುಕಲಿಲ್ಲ.

ಎಟುಕಿಸಲು ಹೊರಟವರು ಫ್ರಾನ್ಸ್‌ನ ಹೆನ್ರಿ ಮಿನ್ಯೆ. 1933ರಲ್ಲಿ ಅವರು ಹಾರಿಸಿದ ಪುಟ್ಟ ವಿಮಾನದ ಹೆಸರು 'ಆಕಾಶದ ಹೇನು'. ಮರದ ಪೆಟ್ಟಿಗೆ ಮಾಡಬಲ್ಲವರು ಇದನ್ನೂ ಮಾಡಬಲ್ಲರು ಎಂಬುದು ಅವರ ನಂಬಿಕೆ. ಕಟ್ಟುವ ವಿವರಗಳನ್ನು ಪುಸ್ತಕದಲ್ಲಿ ಎಲ್ಲರಿಗೂ ಕೊಟ್ಟರು. ಜನ ಮುಗಿಬಿದ್ದು ಮನೆಯಲ್ಲೇ ಕಟ್ಟಿದರು. ಆಮೇಲೆ ಸಾವುಗಳು ಶುರುವಾದವು. ಮೂತಿ ಸ್ವಲ್ಪ ಜಾಸ್ತಿ ಕೆಳಗೆ ಬಾಗಿದರೆ ವಿಮಾನ ಮತ್ತೆ ಮೇಲೇಳುತ್ತಿರಲಿಲ್ಲ. ಗಾಬರಿಯಾಗಿ ನಿಯಂತ್ರಣದ ಕೋಲು ಹಿಂದಕ್ಕೆ ಎಳೆದರೂ ಪ್ರಯೋಜನವಿಲ್ಲ. ಹಿಂದೆ ಮುಂದೆ ಇದ್ದ ಎರಡು ರೆಕ್ಕೆಗಳ ನಡುವಿನ ಗಾಳಿ ಹರಿವೇ ತಪ್ಪಾಗಿತ್ತು ಎಂಬುದು 1936ರಲ್ಲಿ ಗಾಳಿ ಸುರಂಗದ, ಅಂದರೆ ಕೊಳವೆಯಲ್ಲಿ ಗಾಳಿ ಹಾಯಿಸಿ ನೋಡುವ ಪರೀಕ್ಷೆಯಲ್ಲಿ ಗೊತ್ತಾಯಿತು. ಮಿನ್ಯೆ ದೋಷ ತಿದ್ದಿದರು. ಆದರೆ ಆಗಲೇ ಜನರ ಭರವಸೆ ಒಡೆದಿತ್ತು. ನನಗೆ ಈ ಕಥೆ ಸುಮ್ನೆ ಹಳೆಯ ಅಪಘಾತದ ಕಥೆಯಾಗಿ ಕಾಣುವುದಿಲ್ಲ. ಎಲ್ಲರಿಗೂ ಕೊಡುವ ಮೊದಲು ಪರೀಕ್ಷೆ ಮಾಡಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ಮುಂದಿನ ರೆಕ್ಕೆ ಅಡುಗೆಮನೆಯ ಪರದೆಯಿಂದ ಬಂತು. ಅಮೆರಿಕದ ಫ್ರಾನ್ಸಿಸ್ ರೊಗಾಲೊ ಮತ್ತು ಹೆಂಡತಿ ಗರ್ಟ್ರೂಡ್ 1948ರಲ್ಲಿ ಮನೆಯಲ್ಲೇ ಫ್ಯಾನ್ ಇಟ್ಟು ಗಾಳಿ ಸುರಂಗ ಮಾಡಿಕೊಂಡರು. ಪರದೆ ಬಟ್ಟೆಯನ್ನು ಹೊಲಿದು ಮೆತ್ತನೆಯ ರೆಕ್ಕೆ ಪರೀಕ್ಷಿಸಿದರು. ಬಾಹ್ಯಾಕಾಶ ನೌಕೆ ಇಳಿಸಲು ನಾಸಾ ಅದನ್ನು ಪ್ರಯತ್ನಿಸಿ ಕೈಬಿಟ್ಟಿತು. 1963ರಲ್ಲಿ ಆಸ್ಟ್ರೇಲಿಯದ ಜಾನ್ ಡಿಕೆನ್ಸನ್ ಅದೇ ಬಗೆಯ ರೆಕ್ಕೆಗೆ ತ್ರಿಕೋನದ ಹಿಡಿಕೆಯನ್ನೂ ಜೋತು ಬೀಳುವ ಪಟ್ಟಿಯನ್ನೂ ಸೇರಿಸಿದರು. ಮೈಯನ್ನು ಎಡಕ್ಕೆ ವಾಲಿಸಿದರೆ ಎಡಕ್ಕೆ ತಿರುಗುತ್ತದೆ. ಹ್ಯಾಂಗ್ ಗ್ಲೈಡರ್ ಅಂದರೆ ಇಷ್ಟೇ.

1975ರಲ್ಲಿ ಅಮೆರಿಕದ ಜಾನ್ ಮೂಡಿ ಹ್ಯಾಂಗ್ ಗ್ಲೈಡರ್‌ಗೆ ಸಣ್ಣ ಇಂಜಿನ್ ಕಟ್ಟಿದರು. ಅಲ್ಟ್ರಾಲೈಟ್, ಅಂದರೆ ತೀರಾ ಹಗುರ ವಿಮಾನಗಳ ಸಂತತಿ ಬೆಳೆಯಿತು. 1982ರಲ್ಲಿ ಅಲ್ಲಿನ ಸರ್ಕಾರ ಒಂದು ಜಾಣ ನಿಯಮ ತಂದಿತು. ಖಾಲಿ ತೂಕ ಸುಮಾರು 115 ಕೆಜಿ ಒಳಗಿರಬೇಕು, ಒಂದೇ ಸೀಟು, ಇಂಧನ ಸುಮಾರು 19 ಲೀಟರ್, ಹಗಲಿನಲ್ಲಿ ಮಾತ್ರ ಹಾರಾಟ, ಊರುಗಳ ಮೇಲೆ ಹಾರುವಂತಿಲ್ಲ. ಇಷ್ಟಕ್ಕೆ ಒಪ್ಪಿದರೆ ಪೈಲಟ್ ಲೈಸೆನ್ಸ್ ಬೇಡ. ಅಪಾಯವಿದ್ದರೆ ಅದು ಹೆಚ್ಚಾಗಿ ಹಾರುವವರಿಗೇ ಹೊರತು ಕೆಳಗಿನವರಿಗಲ್ಲ. ನನ್ನ ಪ್ರಕಾರ ಈ ಲೆಕ್ಕಾಚಾರ ನ್ಯಾಯವಾದದ್ದು. ಆದರೆ ಪಾಠ ಹೇಳಿಸಿಕೊಳ್ಳದೆ ಹಾರುವುದು ಮಾತ್ರ ಬೇಡವೇ ಬೇಡ.

ಅದೇ ಹೊತ್ತಿಗೆ ದೊಡ್ಡ ಕಂಪನಿಗಳು ಸೊರಗಿದವು. ಅಪಘಾತದ ಮೊಕದ್ದಮೆಗಳ ಖರ್ಚು ತಾಳದೆ ಅಮೆರಿಕದ ವಿಮಾನ ಕಂಪನಿ ಸೆಸ್ನಾ 1986ರಲ್ಲಿ ಸಣ್ಣ ಪಿಸ್ಟನ್ ವಿಮಾನಗಳನ್ನು ನಿಲ್ಲಿಸಿತು. ಹಳೆಯ ವಿಮಾನಗಳ ಮೇಲಿನ ಮೊಕದ್ದಮೆಗೆ 18 ವರ್ಷದ ಮಿತಿ ಹಾಕಿದ ಕಾನೂನು 1994ರಲ್ಲಿ ಬಂದ ಮೇಲೆಯೇ ಮತ್ತೆ ತಯಾರಿಕೆಗೆ ಇಳಿದದ್ದು.

ಪ್ಯಾರಾಗ್ಲೈಡಿಂಗ್ ಬೆಳೆದ ಕಾರಣ ಇನ್ನೂ ಸರಳ. 1978ರಲ್ಲಿ ಫ್ರಾನ್ಸ್‌ನ ಮಿಯುಸಿಯಲ್ಲಿ ಮೂವರು ಪ್ಯಾರಾಚೂಟ್ ಹಾರಾಟಗಾರರು ವಿಮಾನದ ಖರ್ಚಿಲ್ಲದೆ ಇಳಿಯುವ ಅಭ್ಯಾಸ ಮಾಡಬೇಕೆಂದು ಬೆಟ್ಟದಿಂದಲೇ ಓಡಿ ಹಾರಿದರು. ಆಗಿನ ಪ್ಯಾರಾಚೂಟ್ ಒಂದು ಕಿಲೋಮೀಟರ್ ಎತ್ತರದಿಂದ ಮೂರು ಕಿಲೋಮೀಟರ್ ಸಾಗಿದರೆ ಹೆಚ್ಚು. ಈಗಿನ ಒಳ್ಳೆಯ ರೆಕ್ಕೆ ಹತ್ತರ ತನಕ ಹೋಗುತ್ತದೆ. ಬೆಟ್ಟ ಹತ್ತಿ ಹಾರುವವರ ರೆಕ್ಕೆಗಳಲ್ಲಿ ಕೆಲವು ಮೂರು ಕೆಜಿಗೂ ಕಡಿಮೆ.

ಇನ್ನೊಂದು ತುದಿಯಲ್ಲಿ, 2018ರಲ್ಲಿ ಪರ್ಲಾನ್ 2 ಎಂಬ ಗ್ಲೈಡರ್ ಅರ್ಜೆಂಟೀನಾದ ಪರ್ವತಗಳ ಮೇಲೆ ಏಳುವ ಗಾಳಿಯ ಅಲೆ ಹಿಡಿದು 22 ಕಿಲೋಮೀಟರ್‌ಗೂ ಮೇಲೇರಿತು.

ನಿಯಮಗಳೂ ಬದಲಾಗುತ್ತಿವೆ. ಅಮೆರಿಕ 2004ರಲ್ಲಿ 600 ಕೆಜಿ ಒಳಗಿನ ವಿಮಾನಗಳಿಗೆ ಸುಲಭದ ಲೈಸೆನ್ಸ್ ತಂದಿತು. 2025ರಲ್ಲಿ ತೂಕದ ಬದಲು, ವಿಮಾನ ಎಷ್ಟು ನಿಧಾನಕ್ಕೆ ಹಾರಬಲ್ಲದು ಎಂಬುದನ್ನು ಅಳತೆಗೋಲು ಮಾಡಿತು. ಇದರಲ್ಲಿ ಅರ್ಥವಿದೆ. ಇಳಿಯುವಾಗ ವೇಗ ಅರ್ಧವಾದರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಸಣ್ಣ ವಿಮಾನಗಳ ಬಗ್ಗೆ ಉಳಿದಿರುವ ತಕರಾರು ಸದ್ದು ಮತ್ತು ಸೀಸ ಬೆರೆತ ಪೆಟ್ರೋಲಿನದು. 2020ರಲ್ಲಿ ಯುರೋಪಿನಲ್ಲಿ ಪೂರ್ತಿ ಬ್ಯಾಟರಿಯಿಂದ ಹಾರುವ ಪಿಪಿಸ್ಟ್ರೆಲ್ ವೆಲಿಸ್ ಇಲೆಕ್ಟ್ರೋ ಎಂಬ ಸಣ್ಣ ವಿಮಾನಕ್ಕೆ ಮಂಜೂರಾತಿ ಸಿಕ್ಕಿತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 50 ನಿಮಿಷ ಹಾರುತ್ತದೆ. ದೂರದ ಊರಿಗೆ ಹೋಗಲು ಅದು ಸಾಲದು. ರನ್‌ವೇ ಸುತ್ತಲೇ ಏರಿ, ಸುತ್ತಿ, ಇಳಿಯುವುದನ್ನು ಕಲಿಯುವವರಿಗೆ ಸಾಕು.