ಗೊಬ್ಬರದ ಚೀಲದಲ್ಲಿ ನಾಲ್ಕೂವರೆ ಕೆಜಿ ಹೈಡ್ರೋಜನ್

ಮೇ ಕೊನೆಯ ವಾರ. ಮಳೆ ಹಿಡಿಯುವ ಮೊದಲು ಕಾಫಿ ತೋಟಕ್ಕೆ ಒಂದು ಸುತ್ತು ಗೊಬ್ಬರ ಬೀಳಬೇಕು. ಸೊಸೈಟಿ ಮುಂದೆ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ನನ್ನ ಪಾಲಿಗೆ ಸಿಕ್ಕಿದ್ದು ಎಂಟು ಚೀಲ ಯೂರಿಯಾ, ನಾಲ್ಕು ಚೀಲ ಡಿಎಪಿ, ಅಂದರೆ ಡೈಅಮೋನಿಯಂ ಫಾಸ್ಫೇಟ್. ಚೀಲ ಎತ್ತಿಕೊಡುತ್ತಿದ್ದ ಪಕ್ಕದ ತೋಟದ ಹುಡುಗ ಕೇಳಿದ: "ಅಣ್ಣಾ, ಈ ಹೈಡ್ರೋಜನ್ ಅಂತ ಪೇಪರಲ್ಲಿ ಬರ್ತಾ ಇರುತ್ತಲ್ಲಾ, ಅದು ನಮ್ಮ ಕಡೆ ಯಾವಾಗ ಬರುತ್ತೆ?"

"ಈಗ ನೀನು ಹೊತ್ತಿದ್ದೀಯಲ್ಲ, ಅದೇ" ಅಂದೆ. ತಮಾಷೆ ಅಂದುಕೊಂಡು ನಕ್ಕ.

ತಮಾಷೆ ಅಲ್ಲ. ಗಾಳಿಯಲ್ಲಿರುವ ಸಾರಜನಕಕ್ಕೆ ಹೈಡ್ರೋಜನ್ ಕೂಡಿಸಿದರೆ ಅಮೋನಿಯಾ. ಅಮೋನಿಯಾಕ್ಕೆ ಕಾರ್ಬನ್ ಡೈಆಕ್ಸೈಡ್ ಕೂಡಿಸಿದರೆ ಯೂರಿಯಾ. 45 ಕೆಜಿಯ ಒಂದು ಚೀಲಕ್ಕೆ ಸುಮಾರು 25 ಕೆಜಿ ಅಮೋನಿಯಾ ಬೇಕು. ಅದರೊಳಗೆ ನಾಲ್ಕೂವರೆ ಕೆಜಿ ಹೈಡ್ರೋಜನ್. ಈ ಹೈಡ್ರೋಜನ್ ಇವತ್ತು ಬರುವುದು ನೈಸರ್ಗಿಕ ಅನಿಲದಿಂದ. ಒಂದು ಕೆಜಿ ಹೈಡ್ರೋಜನ್ ತೆಗೆದರೆ ಒಂಬತ್ತು ಹತ್ತು ಕೆಜಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಚೀಲವೊಂದಕ್ಕೆ 40 ಕೆಜಿಗೂ ಜಾಸ್ತಿ. ನಾವು ಕೊಡುವುದು 266 ರೂಪಾಯಿ 50 ಪೈಸೆ.

ಹೈಡ್ರೋಜನ್ ಎಂದರೆ ನಾಳಿನ ಕಾರು, ನಾಳಿನ ಬಸ್ಸು ಅಂತ ನಮ್ಮ ತಲೆಯಲ್ಲಿ ಕೂತಿದೆ. ಸರ್ಕಾರದ ತಲೆಯಲ್ಲೂ ಮೊದಲು ಅದೇ ಇತ್ತು. 2006ರಲ್ಲಿ ಕೇಂದ್ರ ಮಾಡಿದ ಹೈಡ್ರೋಜನ್ ನಕ್ಷೆಯಲ್ಲಿ 2020ರ ಹೊತ್ತಿಗೆ ಹತ್ತು ಲಕ್ಷ ಹೈಡ್ರೋಜನ್ ವಾಹನ ಓಡಿಸುವ ಗುರಿ ಬರೆದಿದ್ದರು. 2020 ಬಂದು ಹೋಯಿತು. ಮಡಿಕೇರಿ ಬಸ್ ಸ್ಟ್ಯಾಂಡಿಗೆ ಹೈಡ್ರೋಜನ್ ಬಸ್ಸು ಬರಲಿಲ್ಲ. ವಾಹನದ ದಾರಿಯನ್ನು ಬ್ಯಾಟರಿ ಹಿಡಿದುಕೊಂಡಿತು. ಹೈಡ್ರೋಜನ್ ತಾನು ಮೊದಲಿನಿಂದ ಇದ್ದ ಜಾಗದಲ್ಲೇ ಉಳಿಯಿತು: ಗೊಬ್ಬರದ ಕಾರ್ಖಾನೆ ಮತ್ತು ತೈಲ ಶುದ್ಧೀಕರಣ ಘಟಕ.

ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುವುದೂ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ನಿಕೋಲ್ಸನ್, ಕಾರ್ಲೈಲ್ ಇಬ್ಬರೂ ಅದನ್ನು 1800ರಲ್ಲೇ ಮಾಡಿ ತೋರಿಸಿದ್ದರು. ಅಮೋನಿಯಾ ದೊಡ್ಡ ಮಟ್ಟದಲ್ಲಿ ತಯಾರಾಗತೊಡಗಿದ್ದು 1913ರಲ್ಲಿ, ಜರ್ಮನಿಯ ಒಪ್ಪಾವ್‌ನಲ್ಲಿ.

ನಮ್ಮ ತಲಕಾವೇರಿಯಿಂದ ಇಳಿದ ನೀರು ಅಷ್ಟರಲ್ಲಿ ಕಾರ್ಖಾನೆ ಕೆಲಸಕ್ಕೆ ಸೇರಿಯಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಆಮೇಲೆ ಕೆಆರ್‌ಎಸ್ ಪಕ್ಕದ ಬೆಳಗೊಳದಲ್ಲಿ ಒಂದು ಗೊಬ್ಬರದ ಕಾರ್ಖಾನೆ ಎದ್ದಿತು. ದೇಶದಲ್ಲಿ ಅಮೋನಿಯಾ ತಯಾರಿಸಿ ಗೊಬ್ಬರ ಮಾಡಿದ ಮೊದಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ನೀರಿನಿಂದಲೇ ಹೈಡ್ರೋಜನ್ ತೆಗೆದ ದೊಡ್ಡ ಉದಾಹರಣೆ ಬೇಕಿದ್ದರೆ ಪಂಜಾಬಿನ ನಂಗಲ್‌ಗೆ ಹೋಗಬೇಕು. 1960ರ ದಶಕದಲ್ಲಿ ಅಲ್ಲಿ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರು ಒಡೆದು, ಅದೇ ಹೈಡ್ರೋಜನ್‌ನಿಂದ ಗೊಬ್ಬರ ಮಾಡುತ್ತಿದ್ದರು. ಈಗ ಅದಕ್ಕೆ ಹಸಿರು ಹೈಡ್ರೋಜನ್ ಅನ್ನುತ್ತೇವೆ. ಆಗ ಹೆಸರಿರಲಿಲ್ಲ, ಅಷ್ಟೆ.

ಮತ್ತೆ ಯಾಕೆ ಬಿಟ್ಟರು? ಕರೆಂಟಿಗೆ ಬೇರೆ ಕಡೆ ಬೇಡಿಕೆ ಬಂತು. ತೈಲ, ಅನಿಲದಿಂದ ಹೈಡ್ರೋಜನ್ ತೆಗೆಯುವುದು ಅದಕ್ಕಿಂತ ಅಗ್ಗವಾಯಿತು. ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಬಹಳ ವರ್ಷ ಕಚ್ಚಾ ತೈಲದಿಂದ ಸಿಗುವ ನ್ಯಾಫ್ತಾದಿಂದ ಯೂರಿಯಾ ಮಾಡಿತು. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಅನಿಲ ಪೈಪ್‌ಲೈನ್ ಉದ್ಘಾಟನೆ ಆದ ಮೇಲೆ ಅನಿಲಕ್ಕೆ ಬದಲಾಯಿತು. ಹೊಗೆ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ.

ಈಗಿನ ನೀತಿ ಶುರುವಾಗುವುದು 2021ರಿಂದ. ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಹೈಡ್ರೋಜನ್ ಮಿಷನ್ ಘೋಷಣೆ. ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ 2070ಕ್ಕೆ ನಿವ್ವಳ ಸೊನ್ನೆ, ಅಂದರೆ ಬಿಟ್ಟಷ್ಟು ಕಾರ್ಬನ್ ವಾಪಸ್ ಹಿಡಿಯುವುದು, ಎಂಬ ಮಾತು. 2023ರ ಜನವರಿ 4ರಂದು ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್, ಇದು ಗುರಿ. ಒಂದು ಕೆಜಿ ಹೈಡ್ರೋಜನ್‌ಗೆ ಎರಡು ಕೆಜಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದರೆ ಅದನ್ನು ಹಸಿರು ಅನ್ನುವಂತಿಲ್ಲ ಎಂದು ಅದೇ ವರ್ಷ ಗೆರೆ ಎಳೆದರು.

ಇದನ್ನು ಕೇಳಿದ ಕೂಡಲೇ ನಮ್ಮ ಜಿಲ್ಲೆಯವರು ಕೇಳುವ ಮೊದಲ ಪ್ರಶ್ನೆ: ನೀರು ಎಲ್ಲಿಂದ? ಕಾವೇರಿ ಹುಟ್ಟುವ ಊರಿನವರಿಗೆ ಅದು ಸಹಜ. ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಹೈಡ್ರೋಜನ್‌ಗೆ ಒಂಬತ್ತು ಲೀಟರ್ ನೀರು ಒಡೆಯಬೇಕು. 50 ಲಕ್ಷ ಟನ್‌ಗೆ ಸುಮಾರು 1.6 ಟಿಎಂಸಿ. ನೀರಿನ ಶುದ್ಧೀಕರಣ, ತಂಪು ಮಾಡುವುದು ಎಲ್ಲ ಸೇರಿ ಅದರ ಎರಡು ಮೂರು ಪಟ್ಟು ಹಿಡಿಯಿರಿ. ನಮ್ಮ ಹಾರಂಗಿ ಒಂದರಲ್ಲೇ 8.5 ಟಿಎಂಸಿ ನಿಲ್ಲುತ್ತದೆ. ಇಡೀ ದೇಶದ ಗುರಿಗೆ ಇಷ್ಟು ದೊಡ್ಡದೇನಲ್ಲ. ಬಯಲುಸೀಮೆಯಲ್ಲಿ ಘಟಕ ಹಾಕಿದರೆ ಆ ಊರಿಗೆ ಮಾತ್ರ ಅದು ದೊಡ್ಡದೇ.

ನಿಜವಾದ ತೊಡಕು ಕರೆಂಟು. ಒಂದು ಕೆಜಿಗೆ 50ಕ್ಕೂ ಜಾಸ್ತಿ ಯೂನಿಟ್ ಬೇಕು. ಒಂದು ಚೀಲ ಯೂರಿಯಾದ ಹೈಡ್ರೋಜನ್‌ಗೆ 230 ಯೂನಿಟ್ ಆಸುಪಾಸು. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಉಚಿತ ಸಿಗುವ ಮಿತಿಯೇ 200 ಯೂನಿಟ್! ಅದಕ್ಕೇ ಈ ಮಿಷನ್ ಜೊತೆಗೆ 125 ಗಿಗಾವ್ಯಾಟ್ ಹೊಸ ಸೌರ, ಪವನ ವಿದ್ಯುತ್ತಿನ ಮಾತು ಬಂದಿದ್ದು. ಹೈಡ್ರೋಜನ್ ನೀತಿ ಅನ್ನುವುದು ಮುಕ್ಕಾಲು ಪಾಲು ಕರೆಂಟಿನ ನೀತಿ ಅಂತಲೇ ನನಗನ್ನಿಸುತ್ತದೆ.

ಗೊಬ್ಬರ, ತೈಲ ಶುದ್ಧೀಕರಣ ಬಿಟ್ಟರೆ ಹೈಡ್ರೋಜನ್‌ಗೆ ಕೆಲಸ ಇರುವುದು ಉಕ್ಕಿನಲ್ಲಿ. ಅದಿರಿನಿಂದ ಆಮ್ಲಜನಕ ಕಿತ್ತುಕೊಳ್ಳಲು ಈಗ ಕಲ್ಲಿದ್ದಲಿನ ಕಾರ್ಬನ್ ಬಳಸುತ್ತಾರೆ, ಹೊಗೆ ಬರುತ್ತದೆ. ಹೈಡ್ರೋಜನ್ ಕಿತ್ತುಕೊಂಡರೆ ನೀರಿನ ಆವಿ ಬರುತ್ತದೆ. ಸ್ವೀಡನ್‌ನಲ್ಲಿ 2021ರಲ್ಲಿ ಇಂಥ ಮೊದಲ ಉಕ್ಕು ಹೊರಬಂತು.

ಸಿಮೆಂಟಿನ ಕಥೆ ಬೇರೆ. ಸುಣ್ಣದ ಗೂಡು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸುಣ್ಣದ ಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಸೌದೆ ಬದಲಿಸಿದರೂ ಅಷ್ಟೆ, ಹೈಡ್ರೋಜನ್ ಉರಿಸಿದರೂ ಅಷ್ಟೆ. ಅಲ್ಲಿ ಹೊಗೆ ಹಿಡಿದು ನೆಲದಡಿ ಹೂಳುವುದೊಂದೇ ದೊಡ್ಡ ದಾರಿ. ನಾರ್ವೆ 1991ರಲ್ಲಿ ಕಾರ್ಬನ್ ತೆರಿಗೆ ಹಾಕಿತು. ಐದು ವರ್ಷದಲ್ಲಿ ಅಲ್ಲಿನ ಸ್ಲೈಪ್ನರ್ ಅನಿಲ ಕ್ಷೇತ್ರದವರು ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಕಾರ್ಬನ್ ಡೈಆಕ್ಸೈಡನ್ನು ಸಮುದ್ರದ ತಳದಡಿ ಇಳಿಸತೊಡಗಿದರು. ತೆರಿಗೆ ಕಟ್ಟುವುದಕ್ಕಿಂತ ಹೂಳುವುದು ಅಗ್ಗವಾಯಿತು, ಹೂಳಿದರು. ನಮ್ಮಲ್ಲಿ ನೀತಿ ಆಯೋಗ ಈ ಬಗ್ಗೆ ವರದಿ ಕೊಟ್ಟಿದ್ದು 2022ರಲ್ಲಿ. ಕಾರ್ಬನ್ ಕ್ರೆಡಿಟ್, ಅಂದರೆ ಒಬ್ಬರು ಕಡಿಮೆ ಮಾಡಿದ ಹೊಗೆಯ ಲೆಕ್ಕವನ್ನು ಇನ್ನೊಬ್ಬರಿಗೆ ಮಾರುವ ವ್ಯಾಪಾರ, ಅದರ ಯೋಜನೆ 2023ರ ಜೂನ್‌ನಲ್ಲಿ ಬಂತು. 2025ರ ಅಕ್ಟೋಬರ್‌ನಲ್ಲಿ ಸಿಮೆಂಟ್, ಅಲ್ಯುಮಿನಿಯಂ, ಕಾಗದದಂಥ ಕಾರ್ಖಾನೆಗಳಿಗೆ ಟನ್ ಉತ್ಪಾದನೆಗೆ ಇಷ್ಟೇ ಹೊಗೆ ಎಂಬ ಮಿತಿ ಬಂತು.

ಈ ಕ್ರೆಡಿಟ್ ಪದ ತೋಟದವರೆಗೂ ಬಂದಿದೆ. ಹೋದ ವರ್ಷ ಒಬ್ಬರು ಬಂದು ನನ್ನ ನೆರಳಿನ ಮರ ಎಣಿಸಿ, ದುಡ್ಡು ಬರುತ್ತೆ ಅಂದರು. ಅಜ್ಜನ ಕಾಲದ ಅತ್ತಿ, ಹಲಸು. ಅವು ಹೇಗೂ ಇದ್ದವು, ಇರುತ್ತವೆ. ಅದನ್ನು ತೋರಿಸಿ ಯಾವುದೋ ಚಿಮಣಿ ನಿಶ್ಚಿಂತೆಯಿಂದ ಉಗುಳುವುದಾದರೆ ಕಡಿಮೆಯಾಗಿದ್ದೇನು? ನಾನು ಸಹಿ ಹಾಕಲಿಲ್ಲ. ಇನ್ನೊಂದು ಗೊಂದಲವೂ ಇದೆ, ಕಾಫಿಗೂ ಯುರೋಪಿನ ಕಾರ್ಬನ್ ಸುಂಕ ಬೀಳುತ್ತೆ ಅಂತ. ಕಾಫಿಗೆ ತೋಟದ ನಕ್ಷೆ ಕೇಳುವುದು ಯುರೋಪಿನ ಅರಣ್ಯನಾಶ ತಡೆ ಕಾನೂನು. 2026ರ ಜನವರಿಯಿಂದ ಪೂರ್ತಿ ಜಾರಿಗೆ ಬಂದ ಅವರ ಕಾರ್ಬನ್ ಗಡಿ ಸುಂಕ ಉಕ್ಕು, ಸಿಮೆಂಟ್, ಗೊಬ್ಬರ ಇಂಥವುಗಳಿಗೆ. ಕಾಫಿಗೆ ಅದು ಸಂಬಂಧವಿಲ್ಲ.

ಈಗ ನಮ್ಮ ಚೀಲಕ್ಕೆ ವಾಪಸ್ ಬರೋಣ. ಕಾರ್ಬನ್ ಹಿಡಿಯುವುದು ಯೂರಿಯಾ ಕಾರ್ಖಾನೆಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಹೈಡ್ರೋಜನ್ ತೆಗೆಯುವಾಗ ಹುಟ್ಟಿದ ಕಾರ್ಬನ್ ಡೈಆಕ್ಸೈಡ್‌ನಲ್ಲಿ 33 ಕೆಜಿಯಷ್ಟು ಹಿಡಿದು ಅದೇ ಚೀಲದೊಳಗೆ ಹಾಕುತ್ತಾರೆ. ತೋಟದಲ್ಲಿ ಎರಚಿ ಮಣ್ಣಿನ ತೇವ ತಾಗಿತೋ, ಕೆಲವೇ ದಿನದಲ್ಲಿ ಬಿಡುಗಡೆ. ಚಿಮಣಿಯಲ್ಲಿ ಹೋಗಬೇಕಾದ್ದು ರೋಬಸ್ಟಾ ಗಿಡದ ಬುಡದಿಂದ ಹೋಗುತ್ತದೆ. ನೀರಿನಿಂದ ಹೈಡ್ರೋಜನ್ ತೆಗೆದರೆ ಈ ಕಾರ್ಬನ್ ಹುಟ್ಟುವುದೇ ಇಲ್ಲ. ಆಗ ಯೂರಿಯಾ ಮಾಡಲು ಅದನ್ನು ಬೇರೆ ಕಡೆಯಿಂದ ತರಬೇಕು!

ಡಿಎಪಿಗೆ ಆ ರಗಳೆ ಇಲ್ಲ, ಅಮೋನಿಯಾ ಮತ್ತು ಫಾಸ್ಫಾರಿಕ್ ಆಮ್ಲ ಸಾಕು. 2025ರಲ್ಲಿ ಕೇಂದ್ರದ ಸೌರಶಕ್ತಿ ನಿಗಮ 13 ಗೊಬ್ಬರ ಕಾರ್ಖಾನೆಗಳಿಗೆ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯಾ ಕೊಡಲು ಹರಾಜು ನಡೆಸಿತು. ಮೊದಲ ಹರಾಜಿನಲ್ಲಿ ಕೆಜಿಗೆ 55.75 ರೂಪಾಯಿಗೆ ನಿಂತಿತು. ಆಮೇಲೆ 50ರ ಆಸುಪಾಸಿಗೂ ಇಳಿದದ್ದುಂಟು. ಮಾಮೂಲಿ ಅಮೋನಿಯಾದ ಬೆಲೆಗೆ ಇಷ್ಟು ಹತ್ತಿರ ಬರುತ್ತೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

ಹುಡುಗನಿಗೆ ಹೇಳಿದೆ, ಆ ನಾಲ್ಕು ಚೀಲ ಮೊದಲು ಹಸಿರಾಗುತ್ತೆ, ಈ ಎಂಟು ಕೊನೆಗೆ ಅಂತ. ಅವನು ಡಿಎಪಿ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಹೊರಗಿಂದ ಏನೂ ಗೊತ್ತಾಗಲ್ಲ ಅಲ್ವಾ ಅಣ್ಣಾ?"

ಇಲ್ಲ ಅಂದೆ. ಮಳೆ ಹನಿ ಶುರುವಾಗಿತ್ತು. ಟಾರ್ಪಾಲು ಎಳೆದೆವು.